ಬೆಣ್ಣೆ ಒಲಿಯದ ಕೈ

ಚಾಮರಾಜಪೇಟೆಯ ಕಟ್ಟೆ ಆಂಜನೇಯನ ಗುಡಿಯ ಅರ್ಚಕರಲ್ಲಿ ಮೊದಲು ನೆನೆಯಬೇಕಾದವರು ಅಳಸಿಂಗಾಚಾರ್ಯರು. ಪ್ಲೇಗು ಬಂದು ಪೇಟೆಯ ಮಂದಿಯೆಲ್ಲ ಮನೆಗೆ ಬೀಗ ಜಡಿದು ಊರಾಚೆಯ ಬಯಲಲ್ಲಿ ಗುಡಿಸಲು ಹಾಕಿಕೊಂಡಾಗ ಅವರೊಬ್ಬರು ಗುಡಿಯ ಹೊಸ್ತಿಲು ಬಿಟ್ಟು ಕದಲಲಿಲ್ಲ. ಇಲಿ ಸತ್ತು ಬಿದ್ದ ಬೀದಿಯಲ್ಲಿ ನಡೆದು ಬಾವಿ ನೀರು ಸೇದಿ ತಂದು, ದೇವರ ನೆತ್ತಿಗೆ ಹುಯ್ದು, ದೀಪ ಹಚ್ಚಿ, ನೈವೇದ್ಯದ ಕಡಲೆಕಾಳಿನಲ್ಲಿ ಅರ್ಧ ತಾವು ತಿಂದು ಅರ್ಧ ಬೀದಿನಾಯಿಗಳಿಗೆ ಹಾಕಿ ಜೀವ ಹಿಡಿದರು. ಜನ ವಾಪಸು ಬಂದಾಗ ದೀಪ ಉರಿಯುತ್ತಿತ್ತು, ಆಚಾರ್ಯರ ಗಡ್ಡ ಎದೆಗೆ ಇಳಿದಿತ್ತು.

ಅವರ ಮಗ ನರಸಿಂಹಾಚಾರ್ಯರು. ಕೆಂಪಾಂಬುಧಿ ಕೆರೆಯ ಕಡೆಯ ಒಬ್ಬ ಗೌಳಿ ಹೆಂಗಸಿನ ಎಮ್ಮೆಗಳು ಕೆಚ್ಚಲು ಬತ್ತಿ ನಿಂತಿದ್ದವು, ಮತ್ತೆ ಹಾಲು ಬಿಟ್ಟವಂತೆ. ಆ ಸಂತೋಷಕ್ಕೆ ಮಡಕೆ ತುಂಬ ಬೆಣ್ಣೆ ತಂದು ದೇವರ ಮೇಲೆ ಸುರಿಯುತ್ತೇನೆ ಎಂದು ನಿಂತಳು. ‘ಸುರೀಬೇಡ ತಾಯಿ, ಇಲ್ಲಿ ಕೊಡು’ ಎಂದು ಇಸಿದುಕೊಂಡು ದೇವರ ಹಣೆಗೆ, ಎದೆಗೆ, ತೋಳಿಗೆ ಮಗುವಿಗೆ ಎಣ್ಣೆ ಹಚ್ಚುವ ಹಾಗೆ ಹಚ್ಚಿದವರು ಅವರು. ಅಂದಿನಿಂದ ಮಾರ್ಗಶಿರದ ಹನುಮಜಯಂತಿಗೆ ಬೆಣ್ಣೆ ಅಲಂಕಾರ ಆ ಗುಡಿಯ ನಡಾವಳಿಯಾಯಿತು.

ಅವರ ಮಗ ತಿರುಮಲಾಚಾರ್ಯರು ಆ ಬೆಣ್ಣೆಗೆ ಮುಖ ಕೊಟ್ಟರು. ಬರೀ ಬಳಿದ ಬೆಣ್ಣೆಯಲ್ಲಿ ಹುಬ್ಬು ಎದ್ದಿತು, ಕೆನ್ನೆ ತುಂಬಿತು, ಕಣ್ಣು ನೋಡತೊಡಗಿತು. ಪರದೆ ಸರಿದ ಕೂಡಲೇ ಮುಂದಿನ ಸಾಲಿನವರು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರಂತೆ, ಯಾರೋ ತಮ್ಮನ್ನೇ ದಿಟ್ಟಿಸಿದ ಹಾಗೆ. ಒಂದು ವರ್ಷ ಕರೆಂಟು ಹೋಗಿ ಫ್ಯಾನು ನಿಂತು, ಜನರ ಉಸಿರಿಗೇ ಗರ್ಭಗುಡಿ ಕಾದಾಗ, ತಮ್ಮ ಎರಡೂ ಅಂಗೈಗಳನ್ನು ದೇವರ ಕೆನ್ನೆಗೆ ಆನಿಸಿಕೊಂಡು ಕರೆಂಟು ಬರುವ ತನಕ ನಿಂತರು. ಕೆನ್ನೆ ಜಾರಲಿಲ್ಲ. ಅಷ್ಟು ತಣ್ಣಗಿನ ಕೈ.

ಇಂಥವರ ಹಿರಿಮಗ ರಾಮಾನುಜ. ಅವನ ಕೈ ಬಿಸಿ.

ಬೆಣ್ಣೆಯ ಕೆಲಸಕ್ಕೆ ಕೈ ತಣ್ಣಗಿರಬೇಕು. ಓದಿದವರು ಇಂಥದ್ದಕ್ಕೆ ಪ್ರತಿಭೆ, ಗಿತಿಭೆ ಎಂದು ದೊಡ್ಡ ಹೆಸರು ಕಟ್ಟುತ್ತಾರೆ. ನಮ್ಮಂಥವರ ಬಾಯಲ್ಲಿ ಅದು ಕೈಗುಣ. ಬಿತ್ತಿದ ಕೈಗೆ ಬೆಳೆ ಹುಲುಸಾಗಿ ಬರುವುದು, ಹೆಪ್ಪು ಹಾಕಿದ ಕೈಗೆ ಮೊಸರು ಗಟ್ಟಿಯಾಗುವುದು ಹೇಗೋ ಇದೂ ಹಾಗೆ. ಉಂಟು, ಇಲ್ಲ. ನಡುವೆ ಏನೂ ಇಲ್ಲ.

ರಾಮಾನುಜನಿಗೂ ಅವನ ತಮ್ಮ ಮಧುಸೂದನನಿಗೂ ಒಟ್ಟಿಗೇ ಉಪನಯನವಾಯಿತು. ಮಾರನೇ ದಿನವೇ ತಿರುಮಲಾಚಾರ್ಯರು ಇಬ್ಬರನ್ನೂ ಗುಡಿಯ ಜಗಲಿಯ ಮೇಲೆ ಕೂರಿಸಿ, ಒಬ್ಬೊಬ್ಬರ ಅಂಗೈಯಲ್ಲಿ ನಿಂಬೆಹಣ್ಣಿನ ಗಾತ್ರದ ಬೆಣ್ಣೆ ಇಟ್ಟು, ‘ಸ್ತೋತ್ರ ಹೇಳಿ’ ಅಂದರು. ರಾಮಾನುಜ ಕಣ್ಣು ಮುಚ್ಚಿ, ಒಂದು ಅಕ್ಷರ ತಪ್ಪದೆ, ಗಂಟೆ ಹೊಡೆದ ಹಾಗೆ ಹೇಳಿ ಮುಗಿಸಿದ. ಕಣ್ಣು ಬಿಟ್ಟಾಗ ಅಂಗೈಯಲ್ಲಿ ಬೆಣ್ಣೆ ಇರಲಿಲ್ಲ, ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು. ಮಧು ಅರ್ಧ ಸಾಲು ನುಂಗಿದ್ದ, ಅರ್ಧ ಸಾಲು ಮರೆತಿದ್ದ, ಎದುರಿನ ಸೂರಿನ ಕಾಗೆ ನೋಡುತ್ತ ಕೂತಿದ್ದ. ಅವನ ಅಂಗೈಯ ಬೆಣ್ಣೆ ಇಟ್ಟ ಹಾಗೇ ಇತ್ತು. ಅಪ್ಪನ ಬೆರಳಿನ ಗುರುತು ಕೂಡ ಅದರ ಮೇಲೆ ಅಳಿಸಿರಲಿಲ್ಲ.

ತಂದೆ ರಾಮಾನುಜನ ಕೈ ಹಿಡಿದು ಆಚೆ ಈಚೆ ಹೊರಳಿಸಿ ನೋಡಿದರು.

‘ಲೋ, ಇದು ಕೈಯಲ್ಲ ಕಣೋ, ಕಾವಲಿ. ದೋಸೆ ಹುಯ್ಯಬಹುದು.’

ಜಗಲಿಯಲ್ಲಿದ್ದವರೆಲ್ಲ ಗೊಳ್ಳೆಂದರು. ರಾಮಾನುಜನೂ ನಕ್ಕ. ನಗುತ್ತಲೇ ಮೊಣಕೈ ಒರೆಸಿಕೊಂಡ. ಹೊಸ ಪಂಚೆಗೆ ಹತ್ತಿದ ಆ ಜಿಡ್ಡು ಒಗೆದರೂ ಹೋಗಲಿಲ್ಲ.

ಅಂದಿನಿಂದ ಕೆಲಸ ಹಂಚಿಕೆಯಾಯಿತು. ಬೆಣ್ಣೆಯನ್ನು ಐಸು ನೀರಿನ ಕೊಪ್ಪರಿಗೆಯಲ್ಲಿ ಮುಳುಗಿಸಿ, ಮಜ್ಜಿಗೆಯ ಹುಳಿ ಬಿಡುವ ತನಕ ನಾದಿ ತೊಳೆಯುವುದು ರಾಮಾನುಜ. ದೇವರ ಮೈಯ ಎಣ್ಣೆಜಿಡ್ಡನ್ನು ಸೀಗೆಪುಡಿಯಲ್ಲಿ ಉಜ್ಜಿ ತೆಗೆಯುವುದು ರಾಮಾನುಜ. ಎದೆ, ತೊಡೆ, ಬಾಲ, ಗದೆಗೆ ಸೌಟಿನಿಂದ ಬೆಣ್ಣೆ ಮೆತ್ತಿ, ತೆಂಗಿನ ಗರಿಯ ಚಕ್ಕೆಯಿಂದ ಸಮ ಮಾಡುವುದೂ ರಾಮಾನುಜ. ಚಕ್ಕೆ ಹಿಡಿದರೆ ಕೈ ತಾಗುವುದಿಲ್ಲವಲ್ಲ. ಆದರೆ ಮುಖಕ್ಕೆ ಚಕ್ಕೆ ನಡೆಯುವುದಿಲ್ಲ. ಮುಖ ಬೆರಳಿನದು. ಅದನ್ನು ತಂದೆ ಇಡುತ್ತಿದ್ದರು. ಅವರ ಕಣ್ಣು ಮಂದವಾದ ಮೇಲೆ ಮಧು ಇಡತೊಡಗಿದ.

ಆ ಗುಡಿಯಲ್ಲಿ ಇನ್ನೊಂದು ನಡಾವಳಿ ಇತ್ತು. ಸಂಜೆ ಪರದೆ ಸರಿಯುವ ಮುಂಚೆ ಧರ್ಮದರ್ಶಿಗಳು ಜನರ ಮುಂದೆ ನಿಂತು, ‘ಇಂದಿನ ಬೆಣ್ಣೆ ಅಲಂಕಾರ ಇಂಥವರ ಹಸ್ತ’ ಎಂದು ಕೂಗಿ ಹೇಳುತ್ತಿದ್ದರು. ಹೆಸರು ಮುಖ ಇಟ್ಟವನದು. ಮೈಯೆಲ್ಲ ಮಾಡಿದವನದಲ್ಲ. ಬೆಳಗಿನಿಂದ ಸಂಜೆಯ ತನಕ ಬೆನ್ನು ಬಗ್ಗಿಸಿ ದುಡಿದ ರಾಮಾನುಜ ಕಂಬದ ಮರೆಯಲ್ಲಿ ನಿಂತು ತಂದೆಯ ಹೆಸರು ಕೇಳಿದ, ಆಮೇಲೆ ತಮ್ಮನ ಹೆಸರು ಕೇಳಿದ. ಅವನಿಗೆ ಲೋಕದಲ್ಲಿ ಬೇಕಾಗಿದ್ದು ಒಂದೇ: ಒಂದು ಸಲ, ಒಂದೇ ಒಂದು ಸಲ, ಆ ಬಾಯಿಂದ ತನ್ನ ಹೆಸರು.

ಮಧುವಿಗೆ ಅದು ಬೇಕೇ ಇರಲಿಲ್ಲ. ಅವನು ಮಲ್ಲೇಶ್ವರದಲ್ಲಿ ಮದುವೆ ಛತ್ರಗಳಿಗೆ ಹೂವಿನ ಮಂಟಪ ಕಟ್ಟಿಸುವ ವ್ಯಾಪಾರ ಹಿಡಿದು ಸುಖವಾಗಿದ್ದ. ಹನುಮಜಯಂತಿಯ ದಿನ ಸಂಪಿಗೆ ರಸ್ತೆಯಲ್ಲಿ ಮಸಾಲೆದೋಸೆ ತಿಂದು, ಕಾಫಿ ಕುಡಿದು, ಸ್ಕೂಟರಿನಲ್ಲಿ ಬಂದು ಇಳಿಯುತ್ತಿದ್ದ. ಬಾವಿಕಟ್ಟೆಯ ಮೇಲೆ ನಾಲ್ಕು ತಂಬಿಗೆ ಸುರಿದುಕೊಂಡು, ಒದ್ದೆ ಪಂಚೆಯಲ್ಲಿ ಒಳಗೆ ಹೋಗಿ, ಯಾವುದೋ ಸಿನಿಮಾ ರಾಗ ಮೂಗಲ್ಲೇ ಗುನುಗುತ್ತ ಬೆಣ್ಣೆ ಮುಟ್ಟುತ್ತಿದ್ದ. ಬೆಣ್ಣೆ ಕರೆದ ಕಡೆ ಬರುತ್ತಿತ್ತು. ಒಂದು ಹೆಬ್ಬೆರಳು ಒತ್ತಿದರೆ ಕಣ್ಣಿನ ಗುಳಿ, ಒಂದು ಕಿರುಬೆರಳು ಎಳೆದರೆ ತುಟಿಯ ಅಂಚು.

‘ಅಣ್ಣಾ, ಗೋಡೆ ಚೆನ್ನಾಗಿ ಕಟ್ಟಿದೀಯ. ಸುಣ್ಣ ನಾನು ಬಳಿದು ಹೋಗ್ತೀನಿ’ ಎನ್ನುತ್ತಿದ್ದ.

ತಮಾಷೆಗೇ ಅನ್ನುತ್ತಿದ್ದ. ಪಾಪ, ಅವನ ಹೊಟ್ಟೆಯಲ್ಲಿ ವಿಷವಿರಲಿಲ್ಲ. ರಾಮಾನುಜನಿಗೆ ಅದೇ ಉರಿ. ಹಗೆಯಿಂದ ಅಂದಿದ್ದರೆ ತಿರುಗಿ ಅನ್ನಬಹುದಿತ್ತು.

ತಿರುಮಲಾಚಾರ್ಯರು ಹಾಸಿಗೆ ಹಿಡಿದ ವರ್ಷ ಮಧು ಬರಲೇ ಇಲ್ಲ. ಕ್ರಿಕೆಟ್ ಮ್ಯಾಚು ನೋಡುತ್ತ ಕೂತವನು ಮರೆತುಬಿಟ್ಟಿದ್ದ. ಹೊರಗೆ ಜನ ಕಿಕ್ಕಿರಿದಿದ್ದರು. ಗಂಟೆ ಮೇಲೆ ಗಂಟೆ ಹೊಡೆಯುತ್ತಿದ್ದರು. ರಾಮಾನುಜ ಪರದೆಯ ಹಿಂದೆ ಒಮ್ಮೆ ದೇವರನ್ನೂ ಒಮ್ಮೆ ತನ್ನ ಕೈಯನ್ನೂ ನೋಡಿದ. ‘ಸ್ವಾಮಿ, ನಿನ್ನ ಮೈ ತೊಳೆದವನು ನಾನು, ಮುಖವನ್ನೂ ನಾನೇ ಇಡ್ತೀನಿ’ ಅಂದುಕೊಂಡು ಬೆಣ್ಣೆ ತೆಗೆದ. ಎದೆ ಡವಗುಟ್ಟುತ್ತಿತ್ತು. ಡವಗುಟ್ಟಿದಷ್ಟೂ ಕೈ ಇನ್ನಷ್ಟು ಕಾಯುತ್ತಿತ್ತು. ಹೇಗೋ ಒಂದು ಮುಖ ನಿಂತಿತು. ತಡವಾಯಿತೆಂದು ಹೆಸರು ಕೂಗದೆಯೇ ಪರದೆ ಸರಿಸಿದರು. ಮಂಗಳಾರತಿ ತಟ್ಟೆ ಎತ್ತುವಷ್ಟರಲ್ಲಿ ಎಡಗೆನ್ನೆ ಜಾರಿತು, ಅದರ ಹಿಂದೆ ಮೂಗು, ಅದರ ಹಿಂದೆ ಒಂದು ಕಣ್ಣಿಗೆ ಇಟ್ಟಿದ್ದ ದ್ರಾಕ್ಷಿ ಇಳಿದು ಗಲ್ಲದ ಮೇಲೆ ಕೂತಿತು.

‘ಅಮ್ಮಾ, ಹನುಮಪ್ಪ ಅಳ್ತಿದಾನೆ!’ ಎಂದು ಯಾವುದೋ ಮಗು ಕೂಗಿತು.

ಗುಡಿಗೆ ಗುಡಿಯೇ ನಕ್ಕಿತು. ಪ್ರಸಾದದ ಸಾಲಿನಲ್ಲಿ ನಿಂತಿದ್ದ ಯಾರೋ ಪುಣ್ಯಾತ್ಮ, ‘ಬೆಣ್ಣೆ ತಿರುಮಲಾಚಾರ್ರ ಮಗ ತುಪ್ಪದ ಆಚಾರ್ರು’ ಅಂದ. ಅಷ್ಟೇ. ಮಾರನೇ ಬೆಳಗ್ಗೆಯಿಂದ ಹಾಲಿನ ಬೂತಿನವನಿಗೂ ಅವನು ತುಪ್ಪದ ಆಚಾರ್ರು, ಹೂವಿನವಳಿಗೂ ತುಪ್ಪದ ಆಚಾರ್ರು.

ಸುದ್ದಿ ಹಾಸಿಗೆಯ ತನಕ ಹೋಯಿತು. ಕೊನೆಗಾಲದಲ್ಲಿ ತಿರುಮಲಾಚಾರ್ಯರು ಹಿರಿಮಗನನ್ನು ಹತ್ತಿರ ಕರೆದರು. ಮಲಮೂತ್ರ ಬಳಿದವನು ಇವನು. ಏನೋ ಒಂದು ಒಳ್ಳೆಯ ಮಾತು ಬರುತ್ತದೆ ಎಂದು ಕಿವಿ ಹತ್ತಿರ ತಂದ. ಮುದುಕರು ಉಸಿರು ಕೂಡಿಸಿಕೊಂಡು ಹೇಳಿದರು:

‘ಇನ್ಮೇಲೆ ಮುಖ ಮುಟ್ಟಬೇಡ. ಮಧುಗೆ ಜ್ಞಾಪಿಸ್ತಾ ಇರು.’

ಅವರು ಆಡಿದ ಕೊನೆಯ ಮಾತು ಅದೇ.

ಬೇರೆ ಯಾರಾದರೂ ಆಗಿದ್ದರೆ ಕೈ ಕೊಡವಿ ಎದ್ದು ಹೋಗುತ್ತಿದ್ದರು. ರಾಮಾನುಜನಿಗೆ ಅಪ್ಪನ ಕೈ ಬರಲಿಲ್ಲ, ಮುತ್ತಾತನ ಹಟ ಬಂದಿತ್ತು. ಛಲದಿಂದ ಆಗದ್ದು ಯಾವುದು ಎಂದು ಬಾಯಿತುಂಬ ಹೇಳುವವರಿದ್ದಾರೆ. ಅಂಥವರು ಇವನ ಬದುಕನ್ನು ನೋಡಬೇಕಿತ್ತು. ಮನೆಯ ಹಿತ್ತಲಲ್ಲಿ ಹಳೆಯ ರುಬ್ಬುವ ಕಲ್ಲಿತ್ತು. ಅದರ ಗುಂಡನ್ನು ತಲೆ ಮೇಲಾಗಿ ನಿಲ್ಲಿಸಿ, ಅದನ್ನೇ ದೇವರ ಮುಖ ಮಾಡಿಕೊಂಡ. ದಿನ ಬೆಳಗಾದರೆ ಬಕೆಟ್ಟಿನ ಐಸುನೀರಿನಲ್ಲಿ ಮಣಿಕಟ್ಟಿನ ತನಕ ಕೈ ಅದ್ದಿ ಕೂರುವುದು, ಬೆರಳು ಸೆಡೆತುಕೊಂಡು ಬೆಳ್ಳಗಾದ ಮೇಲೆ ಬೆಣ್ಣೆ ಮುಟ್ಟುವುದು. ಮೂಗು ತೀಡುವುದು, ಕರಗುವುದು, ಕೆರೆದು ತೆಗೆಯುವುದು, ಮತ್ತೆ ತೀಡುವುದು. ಮೈಗೆ ಉಷ್ಣ ಎಂದು ಯಾರೋ ಹೇಳಿದ್ದಕ್ಕೆ ಖಾರ ಬಿಟ್ಟ, ಆಮೇಲೆ ಕಾಫಿಯನ್ನೂ ಬಿಟ್ಟ. ಅಂಗೈಗೆ ಮದರಂಗಿ ಮೆತ್ತಿಕೊಂಡ. ಮಂಗಳಾರತಿ ತಟ್ಟೆ ಹಿಡಿದ ಆ ಕೆಂಪು ಕೈ ನೋಡಿ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ‘ಏನು ಆಚಾರ್ರೇ, ಮದುವಣಗಿತ್ತಿ ಆಗಿದೀರಿ’ ಎಂದು ಒಬ್ಬಳು ಕೇಳಿಯೂ ಬಿಟ್ಟಳು.

ಹೆಂಡತಿ ಗೋದಾ, ಬಾಯಿ ಚುರುಕಿನ ಹೆಂಗಸು. ಕೆರೆದು ತೆಗೆದ ಬೆಣ್ಣೆಯನ್ನು ಕಾಯಿಸಿ ಕಾಯಿಸಿ ಮನೆಯ ಗೋಡೆಯೆಲ್ಲ ಕಮಟುವಾಸನೆ ಹಿಡಿದಿತ್ತು.

‘ರೀ, ಆ ಗುಂಡುಕಲ್ಲಿಗೆ ಜೀವ ಇದ್ದಿದ್ರೆ ಇಷ್ಟು ಹೊತ್ತಿಗೆ ಎದ್ದು ಓಡಿಹೋಗ್ತಿತ್ತು’ ಎನ್ನುತ್ತಿದ್ದಳು. ‘ನಿಮ್ಮ ತಮ್ಮ ವರ್ಷಕ್ಕೊಂದು ಸಲ ಬಂದು ಮಾಡೋದನ್ನ ನೀವು ವರ್ಷವೆಲ್ಲಾ ಮಾಡಿದ್ರೂ ಬರ್ಲಿಲ್ಲ. ಇನ್ನಾದ್ರೂ ಬಿಡಿ.’

‘ಬರತ್ತೆ ಕಣೇ.’

‘ಯಾವಾಗ?’

‘ಕೈ ತಣ್ಣಗಾದಾಗ.’

‘ಕೈ ತಣ್ಣಗಾಗೋದು ಒಂದೇ ಸಲ ಕಣ್ರೀ. ಅಷ್ಟು ಹೊತ್ತಿಗೆ ನಾಲ್ಕು ಜನ ಹೊತ್ಕೊಂಡಿರ್ತಾರೆ.’

ಬೇರೆ ಗುಡಿಗಳ ಅಲಂಕಾರ ನೋಡಲು ಬಸವನಗುಡಿಗೆ, ಮಲ್ಲೇಶ್ವರಕ್ಕೆ ಹೋಗುತ್ತಿದ್ದ. ಒಂದು ಸಲ ಸಾಲಿನಲ್ಲಿ ನಿಂತು ನೋಡಿದ್ದು ಸಾಲದೆ ಹೊರಗೆ ಬಂದು ಮತ್ತೆ ಸಾಲಿನ ಬಾಲ ಹಿಡಿಯುತ್ತಿದ್ದ. ಹೀಗೆ ಮತ್ತೆ ಮತ್ತೆ ಎದುರಾದವನ ಕಡೆ ಅಲ್ಲಿನ ಅರ್ಚಕ ಕಣ್ಣು ಕೆಕ್ಕರಿಸಿ, ‘ಪ್ರಸಾದ ಎಷ್ಟು ಸಲ ರೀ? ಹಿಂದೆ ಮಕ್ಕಳು ಮರಿ ನಿಂತಿದಾವೆ, ನಾಚಿಕೆ ಆಗಲ್ವಾ?’ ಎಂದು ಜೋರಾಗಿ ಗದರಿಸಿದ. ತಾನೂ ಅರ್ಚಕ ಎಂದು ಹೇಳಲು ಬಾಯಿ ಬರಲಿಲ್ಲ. ತಲೆ ತಗ್ಗಿಸಿಕೊಂಡು ಬಂದ. ಆದರೂ ಅಲ್ಲಿನ ಹುಬ್ಬಿನ ತಿರುವು ನೆನಪಿಟ್ಟುಕೊಂಡೇ ಬಂದ.

ಮುಖದ ಲೆಕ್ಕವೆಲ್ಲ ಅವನ ತಲೆಯಲ್ಲಿತ್ತು. ಹಣೆಗಿಂತ ಮೂಗು ಎಷ್ಟು ಮುಂದೆ ಬರಬೇಕು, ಕಣ್ಣಿನ ಗುಳಿ ಎಲ್ಲಿ ಆಳ ಎಲ್ಲಿ ತೇಲು, ಯಾವ ದಿಕ್ಕಿನ ದೀಪಕ್ಕೆ ಕೆನ್ನೆ ಹೇಗೆ ಬೆಳಗುತ್ತದೆ, ಎಲ್ಲವನ್ನೂ ಅರೆದು ಕುಡಿದಿದ್ದ. ಮಧುವಿಗೆ ಇದರಲ್ಲಿ ಒಂದೂ ಗೊತ್ತಿರಲಿಲ್ಲ. ಕೇಳಿದರೆ, ‘ಅದೇನೋ ಅಣ್ಣಾ, ಕೈ ಹೋದ ಕಡೆ ಹೋಗ್ತೀನಿ’ ಅನ್ನುತ್ತಿದ್ದ. ಅವನ ಕೈ ಹೋದ ಕಡೆ ದೇವರು ಬರುತ್ತಿದ್ದ. ರಾಮಾನುಜ ಕಲಿತ ಕಡೆ ಜಿಡ್ಡು ಇಳಿಯುತ್ತಿತ್ತು.

ವರ್ಷಗಳು ಉರುಳಿದವು. ಒಂದು ಚಳಿಗಾಲದಲ್ಲಿ ಬೆರಳ ತುದಿಗಳು ನೀಲಿಗಟ್ಟಿ, ಬಿಸಿ ತಂಬಿಗೆ ಹಿಡಿದರೂ ಸುಡುವುದು ತಿಳಿಯದೆ ಬೊಬ್ಬೆ ಎದ್ದಾಗ, ಗೋದಾ ಗಂಡನನ್ನು ಎಳೆದುಕೊಂಡು ಗಾಂಧಿಬಜಾರಿನ ಹತ್ತಿರದ ಡಾಕ್ಟರ ಬಳಿಗೆ ಹೋದಳು. ಡಾಕ್ಟರು ಸೂಜಿಯಿಂದ ಬೆರಳುಗಳನ್ನು ಒಂದೊಂದಾಗಿ ಚುಚ್ಚಿದರು. ರಾಮಾನುಜ ಸುಮ್ಮನೆ ಕಿಟಕಿಯಾಚೆ ನೋಡುತ್ತಿದ್ದ.

‘ನೋವಾಗ್ತಿಲ್ವಾ ಸ್ವಾಮಿ?’

‘ಚುಚ್ಚಿದಿರಾ?’

ಡಾಕ್ಟರು ಗೋದಾಳ ಮುಖ ನೋಡಿದರು. ‘ಐಸಲ್ಲಿ ಇಟ್ಟು ಇಟ್ಟು ನರ ಸಾಯಿಸಿಕೊಂಡಿದಾರೆ ತಾಯಿ. ರಕ್ತವೂ ಬೆರಳಿಗೆ ಸರಿಯಾಗಿ ಹೋಗ್ತಿಲ್ಲ. ಸತ್ತಿರೋದು ಇನ್ನು ಬರಲ್ಲ. ಇರೋದನ್ನ ಉಳಿಸ್ಕೊಳ್ಳಿ, ಐಸು ಬಿಡಿಸಿ.’

‘ಡಾಕ್ಟ್ರೇ,’ ರಾಮಾನುಜ ಕೇಳಿದ, ‘ಕೈ ಮುಟ್ಟಿದ್ರೆ ತಣ್ಣಗಿದೆಯಾ?’

‘ಹೆಣದ ಕೈ ಇದ್ದಂಗಿದೆ ಸ್ವಾಮಿ.’

ಗೋದಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ರಾಮಾನುಜನ ಮುಖ ಮಾತ್ರ ಅರಳಿತು. ಹುಡುಗನಾಗಿ ಜಗಲಿಯ ಮೇಲೆ ಕೂತ ದಿನದಿಂದ ಈಚೆಗೆ ಅವನು ಹಾಗೆ ನಕ್ಕಿದ್ದನ್ನು ಯಾರೂ ಕಂಡಿರಲಿಲ್ಲ. ಮನೆಗೆ ಬಂದವನೇ ಅಂಗೈಯಲ್ಲಿ ನಿಂಬೆ ಗಾತ್ರದ ಬೆಣ್ಣೆ ಇಟ್ಟುಕೊಂಡು ಅದೇ ಹಳೆಯ ಸ್ತೋತ್ರ ಮೊದಲಿಂದ ಕೊನೆಯ ತನಕ ಹೇಳಿದ. ಬೆಣ್ಣೆ ಕದಲಲಿಲ್ಲ.

ಈ ಸಲದ ಹನುಮಜಯಂತಿಗೆ ಮುಂಚೆ ಧರ್ಮದರ್ಶಿ ಮರಿಯಣ್ಣ ಗುಡಿಗೆ ಬಂದರು. ಅವರ ತಾತ ರಾಗಿ ಬೆಳೆದ ಹೊಲದಲ್ಲಿ ಈಗ ಅಪಾರ್ಟ್‌ಮೆಂಟುಗಳು ಎದ್ದಿವೆ. ಗುಡಿಗೆ ಧಾರಾಳವಾಗಿ ಖರ್ಚು ಮಾಡುವವರು, ಮಾತು ಮಾತ್ರ ಒರಟು.

‘ಆಚಾರ್ರೇ, ಇದೇ ಕೊನೆ ಬೆಣ್ಣೆ. ಮುಂದಿನ ವರ್ಷದಿಂದ ದೇವರಿಗೆ ಬೆಳ್ಳಿ ಕವಚ ಮಾಡಿಸ್ತಿದೀನಿ. ಈ ಜಿಡ್ಡು, ಐಸು, ಜಾರೋದು, ಯಾವ್ದೂ ಬೇಡ. ಹಾಕಿದ್ರೆ ಆಯ್ತು, ತೆಗೆದ್ರೆ ಆಯ್ತು.’

‘ಈ ಸಲ ಮುಖ...’ ರಾಮಾನುಜ ತೊದಲಿದ.

‘ಮಧುಸೂದನ್ ಫೋನ್ ಮಾಡಿದ್ರು. ಅವತ್ತೇ ಯಾವ್ದೋ ದೊಡ್ಡ ಮದುವೆ ಮಂಟಪ ಇದ್ಯಂತೆ, ಬರೋದು ಡೌಟು ಅಂದ್ರು. ನೀವೇ ಇಡಿ, ಬಿಡಿ. ಹೆಂಗಿದ್ರೂ ಕೊನೇದು. ಯಾರಿಟ್ರೆ ಏನು?’

ಬಯಸಿ ಬಯಸಿ ಬೇಡಿದ್ದು ಕೊನೆಗೂ ಬಂತು, ಹಳಸಿದ ಅನ್ನವನ್ನು ಭಿಕ್ಷುಕನ ತಟ್ಟೆಗೆ ಬಗ್ಗಿಸಿದ ಹಾಗೆ. ರಾಮಾನುಜ ಎರಡೂ ಕೈ ಚಾಚಿ ತೆಗೆದುಕೊಂಡ. ಮುಖ ಮುಟ್ಟಬೇಡ ಅಂದಿದ್ದ ಅಪ್ಪನ ಮಾತು ನೆನಪಾಗದೆ ಇರಲಿಲ್ಲ. ಅಪ್ಪ ಬೇಡ ಅಂದದ್ದು ಬಿಸಿ ಕೈಗೆ. ಈಗ ಆ ಕೈ ಎಲ್ಲಿದೆ?

ಜಯಂತಿಯ ದಿನ ಮಧ್ಯಾಹ್ನದ ಪೂಜೆ ಮುಗಿಸಿ ಪರದೆ ಎಳೆದುಕೊಂಡ. ಮೈಯ ಕೆಲಸ ಎಂದಿಗಿಂತ ಚೆನ್ನಾಗಿ ಬಂತು. ಎದೆ ಉಬ್ಬಿ ನಿಂತಿತು, ಬಾಲ ಸುತ್ತಿ ತಲೆಯ ಹಿಂದೆ ಎದ್ದಿತು. ಇಷ್ಟು ಹೊತ್ತಿಗೆ ಪ್ರತಿ ವರ್ಷ ಕೈ ತೊಳೆದುಕೊಂಡು ತಮ್ಮನ ಸ್ಕೂಟರಿನ ಸದ್ದಿಗೆ ಕಿವಿಗೊಡುತ್ತಿದ್ದ. ಈ ಸಲ ಕೈ ತೊಳೆಯಲಿಲ್ಲ. ಬಟ್ಟಲಲ್ಲಿ ಆರಿಸಿಟ್ಟ ಕರಿದ್ರಾಕ್ಷಿ, ತುಟಿಗೆ ಚೆರ್ರಿ, ಹುಬ್ಬಿಗೆ ಕೇಸರಿ ಎಳೆ ಹತ್ತಿರ ಇಟ್ಟುಕೊಂಡು ಮುಖಕ್ಕೆ ಬೆಣ್ಣೆ ಇಟ್ಟ.

ಬೆಣ್ಣೆ ನಿಂತಿತು. ಜಾರಲಿಲ್ಲ, ಬೆವರಲಿಲ್ಲ, ಮಿರುಗುತ್ತ ಕಲ್ಲಿಗೆ ಕಚ್ಚಿಕೊಂಡಿತು. ‘ಅಪ್ಪಾ, ನೋಡು’ ಎಂದು ರಾಮಾನುಜ ಗಟ್ಟಿಯಾಗಿಯೇ ಅಂದ. ಕೆನ್ನೆ ತೀಡಲು ಹೆಬ್ಬೆರಳು ಒತ್ತಿದ.

ಎಷ್ಟು ಒತ್ತಿದೆ ಎಂದು ತಿಳಿಯಲಿಲ್ಲ.

ಕೈ ತೆಗೆದು ನೋಡಿದರೆ ಕೆನ್ನೆಯಲ್ಲಿ ಹಳ್ಳ ಬಿದ್ದು ಕಪ್ಪು ಕಲ್ಲು ಇಣುಕುತ್ತಿತ್ತು. ಬೆಣ್ಣೆ ಮೆತ್ತಿ ಮುಚ್ಚಿದ. ಮುಚ್ಚಿದ್ದು ಹೆಚ್ಚಾಗಿ ಆ ಕೆನ್ನೆ ಊದಿತು. ಸಮ ಮಾಡಲು ಈ ಕೆನ್ನೆಗೂ ಮೆತ್ತಿದ. ಮೂಗು ಒಳಗೆ ಹೋಯಿತು. ಮೂಗು ಎಳೆದ, ತುಟಿ ಸೊಟ್ಟಗಾಯಿತು. ಹುಬ್ಬಿನ ತಿರುವೆಲ್ಲಿ, ಗುಳಿಯ ಆಳವೆಷ್ಟು, ತಲೆಗೆ ಎಲ್ಲವೂ ಗೊತ್ತು. ಬೆರಳಿಗೆ ಯಾವುದೂ ತಾಗುತ್ತಿಲ್ಲ. ಯಾರದೋ ಕೈ ಕಡ ತಂದು ಮಾಡಿದ ಹಾಗೆ. ಬೆಣ್ಣೆಗೆ ಬೇಕಾಗಿದ್ದು ತಣ್ಣಗಿನ ಕೈ ಮಾತ್ರ ಎಂದು ಒಂದು ಜನ್ಮವಿಡೀ ನಂಬಿದ್ದವನಿಗೆ, ಅದಕ್ಕೆ ಜೀವವಿರುವ ಕೈಯೂ ಬೇಕು ಎಂಬುದು ಆಗ ತಿಳಿಯಿತು. ಕೊನೆಗೆ ಉಸಿರು ಬಿಗಿಹಿಡಿದು ಕಣ್ಣುಗಳನ್ನು ಇಟ್ಟ. ಬಲಗಣ್ಣು ಕೂತಿತು. ಎಡಗಣ್ಣಿನ ದ್ರಾಕ್ಷಿ ಹೆಬ್ಬೆರಳಿನ ಸಮೇತ ಕಲ್ಲು ಮುಟ್ಟುವ ತನಕ ಒಳಗೆ ಹೋಯಿತು.

ಪೂಜೆಯ ಕನ್ನಡಿ ತೆಗೆದು ಎದುರಿಗೆ ಹಿಡಿದ. ಬರಿಗಣ್ಣಿಗೆ ಕಾಣದ ತಪ್ಪು ಕನ್ನಡಿಯಲ್ಲಿ ಕಾಣುತ್ತದೆ ಎಂದು ಅಪ್ಪ ಹೇಳಿಕೊಟ್ಟಿದ್ದರು. ಕನ್ನಡಿಯಲ್ಲಿ ಕಂಡದ್ದು ಬೀದಿಜಗಳದಲ್ಲಿ ಹೊಡೆತ ತಿಂದು ಒಂದು ಕಣ್ಣು ಕಳೆದುಕೊಂಡವನ ಮುಖ.

ಹಿಂದಿನ ಬಾಗಿಲು ಕಿರ್ರೆಂದಿತು. ಮಧು. ಮದುವೆ ಮನೆಯ ಕೆಲಸ ಬೇಗ ಮುಗಿದಿತ್ತು. ಬಾವಿಕಟ್ಟೆಯಲ್ಲಿ ನೀರು ಸುರಿದುಕೊಂಡು ಒದ್ದೆ ಪಂಚೆಯಲ್ಲೇ ಬಂದಿದ್ದ. ದೇವರ ಕಡೆ ನೋಡಿದವನೇ ಫಕ್ಕನೆ ನಕ್ಕುಬಿಟ್ಟ. ತಡೆಯಲಾಗಲಿಲ್ಲ. ಅಣ್ಣನ ಮುಖ ಕಂಡ ಮೇಲೆ ಬಾಯಿ ಮುಚ್ಚಿಕೊಂಡ.

‘ಅಣ್ಣಾ... ಇರ್ಲಿ ಬಿಡು. ಹತ್ತು ನಿಮಿಷ ಕೊಡು ನಂಗೆ.’

ಹೊರಗೆ ಮರಿಯಣ್ಣ ಮೈಕು ತಟ್ಟಿ ನೋಡುತ್ತಿದ್ದರು. ಜನ ‘ಜೈ ಆಂಜನೇಯ’ ಎಂದು ಕೂಗುತ್ತಿದ್ದರು, ಮೊಬೈಲುಗಳು ಆಗಲೇ ಮೇಲೆದ್ದಿದ್ದವು. ಪರದೆಯ ಅಂಚಿನಿಂದ ಗೋದಾ ಇಣುಕಿ ನೋಡಿ ಎದೆ ಹಿಡಿದುಕೊಂಡಳು. ಅವಳು ಹೊಸ್ತಿಲು ದಾಟುವ ಹಾಗಿಲ್ಲ.

‘ರೀ, ನಿಮ್ಮ ದಮ್ಮಯ್ಯ. ಮಧು ಕೈಗೆ ಕೊಟ್ಟು ಸರೀರಿ. ಈಗ ಆ ಕಾಲ ಅಲ್ಲ, ಬರೀ ನಕ್ಕು ಸುಮ್ನಾಗಲ್ಲ. ವಿಡಿಯೋ ಹಿಡಿದು ಊರಿಗೆಲ್ಲಾ ಹಂಚ್ತಾರೆ. ನಾಳೆ ನಾನು ತಲೆ ಎತ್ಕೊಂಡು ತರಕಾರಿಗೆ ಹೋಗೋದು ಬೇಡ್ವಾ?’

ಮರಿಯಣ್ಣನೂ ತಲೆ ಹಾಕಿದರು. ‘ಇದೇನ್ರೀ ಆಚಾರ್ರೇ ಇದು! ದೇವರಿಗೆ ಯಾರು ಹೊಡೆದ್ರು? ಮಧುಸೂದನ್, ಬೇಗ ಏನಾದ್ರೂ ಮಾಡಿ ಸ್ವಾಮಿ. ನಾನು ಹೊರಗೆ ಜನ ತಡೀತೀನಿ.’

ಮಧು ಅಷ್ಟರಲ್ಲಿ ದೇವರ ಹತ್ತಿರ ಹೋಗಿದ್ದ. ಅಣ್ಣನನ್ನು ಕೇಳಲಿಲ್ಲ, ಅವನ ಕೈಗೆ ಕೇಳಿ ಗೊತ್ತಿರಲಿಲ್ಲ. ಎರಡೇ ಬೆರಳಿನಿಂದ ಬಲಗೆನ್ನೆಯನ್ನು ಮೇಲಕ್ಕೆ ಒಮ್ಮೆ ಸವರಿದ. ಅಷ್ಟೇ. ಆ ಅರ್ಧ ಮುಖ ಎಚ್ಚರವಾಯಿತು. ಹೊಡೆತ ತಿಂದವನ ಮೈಯೊಳಗಿಂದ ಯಾರೋ ಎದ್ದು ನೋಡಿದ ಹಾಗಾಯಿತು.

ರಾಮಾನುಜ ಅದನ್ನು ಕಂಡ. ತನ್ನ ಆಯಸ್ಸಿನಲ್ಲಿ ಆಗದ್ದು ಆ ಎರಡು ಬೆರಳಿಗೆ ಎಷ್ಟು ಹಗುರ ಎಂಬುದನ್ನು ಕಣ್ಣಾರೆ ಕಂಡ. ಮಧು ತಿರುಗಿ, ತಗ್ಗಿದ ದನಿಯಲ್ಲಿ, ನಿಜವಾದ ಪ್ರೀತಿಯಿಂದಲೇ ಹೇಳಿದ:

‘ಅಣ್ಣಾ, ಹೆಸರು ನಿಂದೇ ಕೂಗ್ಲಿ. ನಾನು ಮುಟ್ಟಿದ್ದು ಯಾರಿಗೆ ಗೊತ್ತಾಗತ್ತೆ? ಹಿಂದಿನ ಬಾಗ್ಲಿಂದ ಬಂದೆ, ಹಿಂದಿನ ಬಾಗ್ಲಿಂದ ಹೋಗ್ತೀನಿ. ನಂಗೇನು ಬೇಕಾಗಿದೆ ಇದ್ರಲ್ಲಿ?’

ಒಳ್ಳೆಯ ಮುಖ, ತನ್ನ ಹೆಸರು, ಎರಡೂ ಕೈಯಳತೆಯಲ್ಲಿ ಬಂದು ನಿಂತವು. ಗೋದಾ ಪರದೆಯ ಅಂಚನ್ನು ಹಿಂಡುತ್ತ ನಿಂತಿದ್ದಳು. ಹೊರಗೆ ಗಂಟೆ ಹೊಡೆಯತೊಡಗಿದರು. ರಾಮಾನುಜ ತಮ್ಮನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ಬಟ್ಟಲಿನಿಂದ ಒಂದು ಹಿಡಿ ಬೆಣ್ಣೆ ತೆಗೆದ. ಎಚ್ಚರವಾಗಿದ್ದ ಆ ಬಲಗೆನ್ನೆಯ ಮೇಲೆ ಅದನ್ನು ಮೆತ್ತಿ, ಏನೂ ತಿಳಿಯದ ತನ್ನ ಹೆಬ್ಬೆರಳಿನಿಂದ ಒತ್ತಿದ. ಕೆನ್ನೆ ಮತ್ತೆ ಊದಿಕೊಂಡಿತು. ಗೋದಾ ‘ಅಯ್ಯೋ’ ಎಂದಳು. ಅವನು ಅವಳ ಕಡೆ ನೋಡಲಿಲ್ಲ. ಪರದೆಯ ಹಗ್ಗಕ್ಕೆ ಕೈ ಹಾಕಿ ತಮ್ಮನ ಕಡೆ ತಿರುಗಿದ.

‘ಬೇಡ ಮಧು. ನೀನು ಮುಟ್ಟಿದ್ರೆ ಚೆನ್ನಾಗಾಗತ್ತೆ, ಅದು ನಿನಗಿಂತ ನಂಗೆ ಚೆನ್ನಾಗಿ ಗೊತ್ತು. ಜಗಲಿ ಮೇಲೆ ಕೂತಿದ್ದ ದಿನದಿಂದ ನೋಡ್ತಾನೇ ಇದೀನಲ್ಲ. ಅದಕ್ಕೇ ಮುಟ್ಬೇಡ. ನಿನ್ನ ಮುಖಕ್ಕೆ ನನ್ನ ಹೆಸರು ಕೂಗಿಸ್ಕೊಂಡು ಸಾಯೋ ಅಷ್ಟು ದರಿದ್ರ ನಂಗಿನ್ನೂ ಬಂದಿಲ್ಲ. ನಗ್ತಾರೆ, ನಗ್ಲಿ. ನಕ್ಕಿದ್ದನ್ನ ಕೇಳಿ ಕೇಳಿ ಅಭ್ಯಾಸ ಆಗಿದೆ. ಕೈ ತೊಳ್ಕೊಂಡು ಆಚೆ ನಿಂತ್ಕೊ. ಮರಿಯಣ್ಣೋರೇ, ಮೈಕು ತಗೊಳ್ಳಿ. ಹಸ್ತ ರಾಮಾನುಜಾಚಾರ್ಯರದು ಅಂತ ಸ್ವಲ್ಪ ಜೋರಾಗೇ ಹೇಳಿ. ಪರದೆ ನಾನೇ ಎಳೀತೀನಿ, ಯಾರೂ ಹಗ್ಗ ಮುಟ್ಬೇಡಿ.’